ವರ್ಣಭೇದ ಮತ್ತು 'ಮನೆಯೊಳಗಿನ ವಿಷಯ'

1

ನೆಲ್ಸನ್ ಮಂಡೇಲಾ ಜೈಲಿನಿಂದ ಹೊರಬಂದದ್ದು 1990ರ ಫೆಬ್ರವರಿ 11ರಂದು, ಭಾನುವಾರ. ಮರುದಿನದ ಪೇಪರನ್ನು ನಾವು ಕೆಲವು ಕಾಲೇಜು ಹುಡುಗರು ಪಡೀಲಿನ ಒಂದು ಚಾದ ಹೋಟೆಲಿನಲ್ಲಿ ಕೂತು ಓದಿದೆವು. ಈಗ ಮಂಗಳೂರು ಜಂಕ್ಷನ್ ಅನ್ನುವ ರೈಲು ನಿಲ್ದಾಣಕ್ಕೆ ಆಗ ಕಂಕನಾಡಿ ಅಂತ ಹೆಸರು. ಪಡೀಲು ಆಗ ಪೂರ್ತಿ ಪೇಟೆಯೂ ಅಲ್ಲ, ಹಳ್ಳಿಯೂ ಅಲ್ಲ. ನಮ್ಮಲ್ಲೊಬ್ಬ ದೊಡ್ಡ ದನಿಯಲ್ಲಿ ಓದುತ್ತಿದ್ದ. ಇಪ್ಪತ್ತೇಳು ವರ್ಷ ಜೈಲು ಎಂಬಲ್ಲಿಗೆ ಬಂದಾಗ ಗಲ್ಲಾದಲ್ಲಿದ್ದ ಯಜಮಾನರೂ ಚಿಲ್ಲರೆ ಎಣಿಸುವುದು ಬಿಟ್ಟು ಕಿವಿಗೊಟ್ಟರು. 'ವರ್ಣಭೇದ ಪಂಡ ದಾದ?' ಅಂತ ಒಬ್ಬರು ತುಳುವಿನಲ್ಲಿ ಕೇಳಿದರು. 'ಕಪ್ಪು ಜನ ಬಿಳಿಯರ ಹೋಟೆಲಿಗೆ ಹೋಗುವ ಹಾಗಿಲ್ಲ, ಅದು' ಎಂದು ಯಜಮಾನರೇ ವಿವರಿಸಿದರು. 'ಎಂಥಾ ಅನ್ಯಾಯ ಮಾರಾಯ್ರೆ' ಎಂದರು ಕೇಳಿದವರು.

ಅದೇ ಹೊತ್ತಿಗೆ ಹೋಟೆಲಿನ ಹೊರಗೆ, ಮಾಡಿನ ನೀರು ಬೀಳುವ ಜಾಗದಲ್ಲಿ, ಒಬ್ಬ ಕೊರಗ ಮುದುಕರು ಡೋಲನ್ನು ಪಕ್ಕಕ್ಕಿಟ್ಟು ನಿಂತೇ ಚಾ ಕುಡಿಯುತ್ತಿದ್ದರು. ಅದು ಕಂಬಳದ ಕಾಲ. ಕುಡಿದಾದ ಮೇಲೆ ಗ್ಲಾಸನ್ನು ತಾವೇ ತೊಳೆದು, ಕಟ್ಟೆಯ ತುದಿಯಲ್ಲಿ ಕವುಚಿ ಹಾಕಿ, ದುಡ್ಡನ್ನು ಅದರ ಪಕ್ಕ ಇಟ್ಟು ಹೊರಟುಹೋದರು. ಒಳಗೆ ಬರಬೇಡಿ ಅಂತ ಅವರಿಗೆ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಒಳಗೆ ಕೂತಿದ್ದ ನಮ್ಮಲ್ಲೂ ಇಬ್ಬರ ಅಪ್ಪಂದಿರು ಅಂಥದೇ ಮಾಡಿನ ಕೆಳಗೆ ನಿಂತು ಚಾ ಕುಡಿದವರು. ಅವರಲ್ಲಿ ಒಬ್ಬರು ನನ್ನ ಅಪ್ಪ. ಆದರೂ ನಾನು 'ಒಳಗೆ ಬನ್ನಿ ಅಜ್ಜ' ಅನ್ನಲಿಲ್ಲ.

ಪೇಪರಿನ ಆ ಪದವನ್ನು ಸ್ವಲ್ಪ ನಿಂತು ನೋಡೋಣ. ಅಪಾರ್ಥೈಡ್ ಎಂಬುದು ದಕ್ಷಿಣ ಆಫ್ರಿಕದ ಬಿಳಿಯರ ಆಫ್ರಿಕಾನ್ಸ್ ಭಾಷೆಯ ಮಾತು. ಬೇರೆಬೇರೆಯಾಗಿ ಇರುವುದು ಎಂದಷ್ಟೇ ಅದರ ಅರ್ಥ. ಕನ್ನಡದ ಪತ್ರಿಕೆಗಳು ಅದನ್ನು 'ಪ್ರತ್ಯೇಕತಾ ನೀತಿ' ಎನ್ನಬಹುದಿತ್ತು. ಆದರೆ ರೂಢಿಗೆ ಬಂದದ್ದು 'ವರ್ಣಭೇದ ನೀತಿ'. ವರ್ಣವೆಂದರೆ ಬಣ್ಣ, ಜೊತೆಗೆ ನಾಲ್ಕು ವರ್ಣಗಳೂ ಹೌದು, ಅವುಗಳ ಹೊರಗಿಟ್ಟವರ ಕತೆಯೂ ಹೌದು. ಬರೆದವರಿಗೆ, ಓದಿದವರಿಗೆ ಒಂದೇ ಅರ್ಥ ಕೇಳಿಸಿತು. ಇನ್ನೊಂದು ಅರ್ಥ ಅದೇ ಪದದೊಳಗೆ ಬಾಯಿ ಮುಚ್ಚಿಕೊಂಡು ಕೂತಿತ್ತು. ದಲಿತ ವಿಮರ್ಶೆ ಕಾವ್ಯ ಕಾದಂಬರಿಗಳ ಜೊತೆ ಇಂಥ ದಿನಬಳಕೆಯ ಪದಗಳನ್ನೂ ಓದಬೇಕು ಎಂದು ನಂಬಿರುವವನು ನಾನು. ಹಾಗಾಗಿ, ಆ ಆಡಳಿತವನ್ನು ಜಗತ್ತು ಹೇಗೆ ವಿರೋಧಿಸಿತು, ಭಾರತ ಅದರಲ್ಲಿ ಏನು ಮಾಡಿತು, ಅದರಿಂದ ನಮಗೆ ಸಿಗುವುದೇನು ಎಂಬುದನ್ನು ಈ ಪದದ ಬೆನ್ನುಹತ್ತಿಯೇ ನೋಡಬೇಕಾಗಿದೆ.

2

ಭಾರತಕ್ಕೆ ಇದರಲ್ಲಿ ಹೆಮ್ಮೆಪಡುವಂಥ ಪಾಲಿದೆ. ಅದನ್ನು ಮೊದಲು ಹೇಳಿಬಿಡಬೇಕು. 1946ರಲ್ಲಿ, ಬ್ರಿಟಿಷರು ಇನ್ನೂ ಗಂಟು ಕಟ್ಟುತ್ತಿದ್ದಾಗಲೇ, ಭಾರತ ದಕ್ಷಿಣ ಆಫ್ರಿಕದ ಜೊತೆ ವ್ಯಾಪಾರ ನಿಲ್ಲಿಸಿತು. ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ದೇಶ ಭಾರತ. ಅದೇ ವರ್ಷ ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ವಿಜಯಲಕ್ಷ್ಮಿ ಪಂಡಿತ್ ನಿಯೋಗದ ನಾಯಕಿ. ಎದುರಿಗೆ ಇದ್ದವರು ದಕ್ಷಿಣ ಆಫ್ರಿಕದ ಪ್ರಧಾನಿ ಯಾನ್ ಸ್ಮಟ್ಸ್. ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆ ಬರೆಯುವುದರಲ್ಲಿ ಕೈಯಿಟ್ಟಿದ್ದ ದೊಡ್ಡ ಮನುಷ್ಯ. ಅವರ ವಾದ ಸರಳವಾಗಿತ್ತು: ನಮ್ಮ ದೇಶದ ಜನರನ್ನು ನಾವು ಹೇಗೆ ಇಟ್ಟುಕೊಳ್ಳುತ್ತೇವೆ ಎಂಬುದು ನಮ್ಮ ಮನೆಯೊಳಗಿನ ವಿಷಯ, ಹೊರಗಿನವರು ತಲೆಹಾಕಬಾರದು. ಭಾರತ ಒಪ್ಪಲಿಲ್ಲ. ಮನುಷ್ಯರ ಮಾನ ಹೋಗುವಾಗ ಅದು ಯಾರ ಮನೆಯೊಳಗಿನ ವಿಷಯವೂ ಅಲ್ಲ ಎಂಬುದು ನಮ್ಮ ನಿಲುವು. 1946ರ ಡಿಸೆಂಬರ್ 8ರಂದು ಸಾಮಾನ್ಯ ಸಭೆ ಭಾರತದ ಪರವಾಗಿ ನಿರ್ಣಯ ಮಾಡಿತು.

ಒಂದು ಮಾತು ಮುಚ್ಚಿಡಬಾರದು. ಆ ದೂರು ಅಲ್ಲಿನ ಭಾರತೀಯರ ಬಗ್ಗೆಯೇ ಹೊರತು ಆಫ್ರಿಕದ ಮೂಲನಿವಾಸಿಗಳ ಬಗ್ಗೆ ಅಲ್ಲ. ಭಾರತೀಯರ ಭೂಮಿ, ವಾಸದ ಹಕ್ಕುಗಳನ್ನು ಕತ್ತರಿಸುವ ಕಾನೂನೊಂದು ಆ ವರ್ಷ ಬಂದಿತ್ತು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಡಾ. ಕ್ಸುಮಾ ತಾವೇ ನ್ಯೂಯಾರ್ಕಿಗೆ ಹೋಗಿ ಭಾರತದ ನಿಯೋಗವನ್ನು ಕಂಡರು. ಮರುವರ್ಷ ಮಾರ್ಚ್‌ನಲ್ಲಿ ಅವರೂ ಅಲ್ಲಿನ ಭಾರತೀಯ ನಾಯಕರಾದ ಡಾ. ದಾದೂ, ಡಾ. ನಾಯ್ಕರ್ ಅವರೂ ಸೇರಿ ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮ ಜನ ಎಂಬ ವರ್ತುಲ ದೊಡ್ಡದಾದದ್ದು ಆಮೇಲೆ.

ಇನ್ನು ಅದೇ 1946ರಲ್ಲಿ ನಡೆದ ಇನ್ನೊಂದು ಸಂಗತಿ. ಬಾಬಾಸಾಹೇಬ್ ಅಂಬೇಡ್ಕರರು ಅಮೆರಿಕದ ಕರಿಯ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಒಂದು ಕಾಗದ ಬರೆದರು. ಅಲ್ಲಿನ ಕರಿಯರ ಸ್ಥಿತಿಗೂ ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಹೇಳಿ, ಕರಿಯರ ಸಂಘಟನೆ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಸಿಕ್ಕೀತೇ ಎಂದು ಕೇಳಿದರು. ತಮ್ಮವರೂ ಹಾಗೆಯೇ ಮಾಡುವ ಯೋಚನೆಯಲ್ಲಿದ್ದಾರೆ ಎಂದರು. ಡುಬಾಯ್ಸ್ ಸಹಾನುಭೂತಿಯಿಂದ ಉತ್ತರ ಬರೆದರು. ಆದರೆ ಆ ಅರ್ಜಿ ಹೋಗಲೇ ಇಲ್ಲ. ಯಾಕೆ ಎಂಬುದನ್ನು ಅಂಬೇಡ್ಕರರೇ 1951ರ ಅಕ್ಟೋಬರ್‌ನಲ್ಲಿ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟಾಗಿನ ಹೇಳಿಕೆಯಲ್ಲಿ ತಿಳಿಸಿದ್ದಾರೆ: ವಿಶ್ವಸಂಸ್ಥೆಗೆ ಕೊಡಲು ಪರಿಶಿಷ್ಟರ ಸ್ಥಿತಿಗತಿಯ ವರದಿಯೊಂದನ್ನು ಸಿದ್ಧಪಡಿಸಿದ್ದೆ, ಸಂವಿಧಾನ ಸಭೆಗೂ ಮುಂದಿನ ಪಾರ್ಲಿಮೆಂಟಿಗೂ ಒಂದು ಅವಕಾಶ ಕೊಡೋಣ ಎಂದು ಕೊಡದೆ ಉಳಿಸಿದೆ. ಅದೇ ಹೇಳಿಕೆಯಲ್ಲಿ, ಪರಿಶಿಷ್ಟರ ಮೇಲಿನ ದಬ್ಬಾಳಿಕೆ ಹಳೆಯದೇ ಆಗಿ ಉಳಿದಿದೆ ಎಂದೂ ನೊಂದುಕೊಂಡರು.

ನೋಡಿ, ಒಂದೇ ವರ್ಷ. ಒಂದು ದೂರು ದೆಹಲಿಯಿಂದ ನ್ಯೂಯಾರ್ಕಿಗೆ ಹೋಗಿ ಗೆದ್ದಿತು. ಇನ್ನೊಂದು, ದೇಶದ ಮೇಲಿನ ನಂಬಿಕೆಯಿಂದ, ಮೇಜಿನ ಖಾನೆಯಲ್ಲೇ ಉಳಿಯಿತು.

3

ಜಗತ್ತು ದಕ್ಷಿಣ ಆಫ್ರಿಕವನ್ನು ಮಣಿಸಿದ್ದು ನಿರ್ಣಯಗಳಿಂದ ಮಾತ್ರ ಅಲ್ಲ. 1948ರಲ್ಲಿ ನ್ಯಾಷನಲ್ ಪಾರ್ಟಿ ಗೆದ್ದು ವರ್ಣಭೇದವನ್ನು ಕಾನೂನಿನ ಮೇಲೆ ಕಾನೂನು ಮಾಡಿ ಕಟ್ಟಿತು. ಕರಿಯರು ಎಲ್ಲಿ ವಾಸಿಸಬೇಕು, ಎಲ್ಲಿ ಕೆಲಸ ಮಾಡಬೇಕು, ಯಾರನ್ನು ಮದುವೆಯಾಗಬೇಕು ಎಲ್ಲಕ್ಕೂ ಕಾನೂನು. ಫೋಟೋ ಅಂಟಿಸಿದ ಪಾಸ್‌ಬುಕ್ ಕೈಯಲ್ಲಿಲ್ಲದೆ ಬಿಳಿಯರ ಪೇಟೆಯಲ್ಲಿ ಕಾಣಿಸಿಕೊಂಡರೆ ಜೈಲು. ಆ ಪಾಸಿನ ವಿರುದ್ಧ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಮಂದಿ ಸತ್ತರು. ವಿಶ್ವಸಂಸ್ಥೆ 1962ರಲ್ಲಿ ವಿಶೇಷ ಸಮಿತಿ ಮಾಡಿತು, 1973ರಲ್ಲಿ ವರ್ಣಭೇದವನ್ನು ಅಪರಾಧವೆಂದು ಸಾರುವ ಒಡಂಬಡಿಕೆ ಮಾಡಿತು. ಆದರೆ 1974ರಲ್ಲಿ ಆ ದೇಶವನ್ನು ವಿಶ್ವಸಂಸ್ಥೆಯಿಂದಲೇ ಹೊರಹಾಕುವ ಪ್ರಶ್ನೆ ಬಂದಾಗ ಅಮೆರಿಕ, ಬ್ರಿಟನ್, ಫ್ರಾನ್ಸ್ ಮೂರೂ ವೀಟೋ ಹಾಕಿದವು. ವ್ಯಾಪಾರ ಇತ್ತಲ್ಲ!

ಹಾಗಾಗಿ ಕೆಲಸ ಕೆಳಗಿನಿಂದ ಆಗಬೇಕಾಯಿತು. ಬಹಿಷ್ಕಾರದ ಕರೆ ಬಂದದ್ದು ಲಂಡನ್ನಿನಿಂದ ಅಲ್ಲ, ನೊಂದವರಿಂದಲೇ. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಅಧ್ಯಕ್ಷ ಆಲ್ಬರ್ಟ್ ಲುಥುಲಿ ಕೊಟ್ಟ ಕರೆಯ ಮೇಲೆ 1959ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಬಹಿಷ್ಕಾರ ಚಳವಳಿ ಶುರುವಾಯಿತು. 'ನೀವು ಹಣ್ಣು ಕೊಳ್ಳದಿದ್ದರೆ ಹಸಿವಾಗುವುದು ಕರಿಯ ಕೂಲಿಗೇ' ಅಂತ ಬುದ್ಧಿ ಹೇಳಿದವರಿಗೆ, ಆ ಕಷ್ಟಕ್ಕೆ ನಾವು ಸಿದ್ಧರಿದ್ದೇವೆ ಎಂಬರ್ಥದ ಉತ್ತರವನ್ನು ಲುಥುಲಿಯೇ ಕೊಟ್ಟರು.

1970ರಲ್ಲಿ ಅಮೆರಿಕದ ಪೋಲರಾಯ್ಡ್ ಕಂಪನಿಯಲ್ಲಿ ಕೆಲಸಕ್ಕಿದ್ದ ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್ ಎಂಬ ಇಬ್ಬರು ಕರಿಯರಿಗೆ, ತಮ್ಮ ಕಂಪನಿಯ ಕ್ಯಾಮರಾಗಳು ದಕ್ಷಿಣ ಆಫ್ರಿಕದ ಪಾಸ್‌ಬುಕ್ಕಿನ ಫೋಟೋ ತೆಗೆಯಲು ಬಳಕೆಯಾಗುತ್ತಿವೆ ಎಂದು ಗೊತ್ತಾಯಿತು. ಅವರು ಕಂಪನಿಯ ವಿರುದ್ಧವೇ ಎದ್ದು ನಿಂತರು. ಇಬ್ಬರೂ ಕೆಲಸ ಕಳೆದುಕೊಂಡರು. ಏಳು ವರ್ಷಗಳ ಮೇಲೆ, 1977ರಲ್ಲಿ, ಕಂಪನಿ ಅಲ್ಲಿಂದ ಕಾಲ್ತೆಗೆಯಿತು. 1984ರ ಜುಲೈಯಲ್ಲಿ ಐರ್ಲೆಂಡಿನ ಡಬ್ಲಿನ್ ಪೇಟೆಯ ಡನ್ಸ್ ಅಂಗಡಿಯಲ್ಲಿ ಮೇರಿ ಮ್ಯಾನಿಂಗ್ ಎಂಬ 21ರ ಹುಡುಗಿ, ಯೂನಿಯನ್ನಿನ ತೀರ್ಮಾನದಂತೆ, ದಕ್ಷಿಣ ಆಫ್ರಿಕದಿಂದ ಬಂದ ಚಕ್ಕೋತದಂಥ ಹಣ್ಣಿಗೆ ಬಿಲ್ಲು ಹಾಕುವುದಿಲ್ಲ ಎಂದಳು. ಅವಳನ್ನು ಸಸ್ಪೆಂಡ್ ಮಾಡಿದರು. ಜೊತೆಗಾರರು ಹೊರಬಂದರು. ಹತ್ತಿಪ್ಪತ್ತು ಮಂದಿಯೂ ಇಲ್ಲದ ಆ ಮುಷ್ಕರ ಸುಮಾರು ಮೂರು ವರ್ಷ ನಡೆಯಿತು. 1987ರಲ್ಲಿ ಐರ್ಲೆಂಡ್ ಸರ್ಕಾರ ದಕ್ಷಿಣ ಆಫ್ರಿಕದ ಹಣ್ಣು ತರಕಾರಿಗಳ ಆಮದನ್ನೇ ನಿಲ್ಲಿಸಿತು.

ಆಟವೂ ಸುಮ್ಮನೆ ಉಳಿಯಲಿಲ್ಲ. 1974ರಲ್ಲಿ ಭಾರತ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿತ್ತು. ಎದುರಾಳಿ ದಕ್ಷಿಣ ಆಫ್ರಿಕ. ಅಮೃತರಾಜ್ ಸಹೋದರರ ತಂಡಕ್ಕೆ ಗೆಲ್ಲುವ ಅವಕಾಶವಿತ್ತು. ಭಾರತ ಆಡಲಿಲ್ಲ, ಕಪ್ಪು ಅವರಿಗೆ ಹೋಯಿತು. 1985ರಲ್ಲಿ ದೊಡ್ಡ ಬ್ಯಾಂಕುಗಳು ಸಾಲ ಮುಂದುವರಿಸಲು ಒಪ್ಪದೆ ಕೈಯೆತ್ತಿದವು. 1986ರಲ್ಲಿ ಅಮೆರಿಕದ ಕಾಂಗ್ರೆಸ್ ತನ್ನ ಅಧ್ಯಕ್ಷ ರೇಗನ್ನರ ವೀಟೋವನ್ನೇ ಮೀರಿ ನಿರ್ಬಂಧದ ಕಾನೂನು ಮಾಡಿತು. ಇದೆಲ್ಲದರ ಜೊತೆಗೆ, ಇದೆಲ್ಲಕ್ಕಿಂತ ಹೆಚ್ಚಾಗಿ, ಸೊವೆಟೋದ ಶಾಲಾಮಕ್ಕಳಿಂದ ಹಿಡಿದು ಗಣಿಕಾರ್ಮಿಕರವರೆಗೆ ಅಲ್ಲಿನ ಜನ ಬೀದಿಯಲ್ಲಿದ್ದರು. 1994ರ ಏಪ್ರಿಲ್‌ನಲ್ಲಿ ಕರಿಯರು ಮೊದಲ ಸಲ ಓಟು ಹಾಕಿದರು.

4

'ಬಹಿಷ್ಕಾರ' ಎಂಬ ಪದವನ್ನು ಈಗ ನಮ್ಮೂರಿಗೆ ತನ್ನಿ. ದಕ್ಷಿಣ ಆಫ್ರಿಕದ ಕತೆಯಲ್ಲಿ ಅದು ಕೆಳಗಿದ್ದವರು ಮೇಲಿದ್ದವರ ವಿರುದ್ಧ ಎತ್ತಿದ ಆಯುಧ. ನಮ್ಮ ಹಳ್ಳಿಗಳಲ್ಲಿ ಅದು ಉಲ್ಟಾ. ಕೆರೆಯ ನೀರು ಮುಟ್ಟಿದರೆ, ಗುಡಿಯ ಮೆಟ್ಟಿಲು ಹತ್ತಿದರೆ ಕೇರಿಗೆ ಬಹಿಷ್ಕಾರ: ಕೂಲಿ ಇಲ್ಲ, ಅಂಗಡಿಯಲ್ಲಿ ಸಾಮಾನು ಇಲ್ಲ. 1927ರಲ್ಲಿ ಅಂಬೇಡ್ಕರರು ತಮ್ಮ ಪತ್ರಿಕೆಗೆ 'ಬಹಿಷ್ಕೃತ ಭಾರತ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದಾಗ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ಅಪರಾಧವೆಂದು ಸೇರಿಸಬೇಕಾಗಿ ಬಂತು. ಅಲ್ಲಿನ ಅಸ್ತ್ರವನ್ನು ಹಾಗೆಯೇ ತಂದು ಇಲ್ಲಿ ಬೀಸಲು ಬರುವುದಿಲ್ಲ. ಅದರ ಹಿಡಿ ಇಲ್ಲಿ ಬೇರೆಯವರ ಕೈಯಲ್ಲಿದೆ.

ಎರಡನೆಯ ವ್ಯತ್ಯಾಸ ಕಾನೂನಿನದು. ಅಲ್ಲಿ ಕಾನೂನೇ ಕೆಡಿಸಿತ್ತು. ಕಾನೂನು ಬದಲಾಯಿಸಿದರೆ ಅರ್ಧ ಕೆಲಸವಾದರೂ ಆಗುತ್ತಿತ್ತು. ಇಲ್ಲಿ ಸಂವಿಧಾನದ 17ನೆಯ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. ಪಾಸ್‌ಬುಕ್ ಕೇಳುವ ಪೊಲೀಸ್ ಇಲ್ಲ. ಪಡೀಲಿನ ಆ ಮುದುಕರ ಪಾಸ್‌ಬುಕ್ ಅವರ ಡೋಲು. ಅದನ್ನು ನೋಡಿದವರಿಗೆಲ್ಲ ಅವರು ಎಲ್ಲಿ ನಿಲ್ಲಬೇಕು ಎಂದು ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಕೊರಗರು ಸರ್ಕಾರದ ಪಟ್ಟಿಯಲ್ಲಿ ಪರಿಶಿಷ್ಟ ಪಂಗಡ. ಆದರೆ ತುಳುನಾಡಿನಲ್ಲಿ ಅಸ್ಪೃಶ್ಯತೆಯ ತಳದ ಮೆಟ್ಟಿಲಲ್ಲಿ ನಿಲ್ಲಿಸಿದ್ದು ಅವರನ್ನೇ. ಅವರ ಮೇಲೆ ಹೇರಿದ ಕಟ್ಟುಕಟ್ಟಲೆಗೆ ಅಜಲು ಎಂದು ಹೆಸರು. ಕೊರಗರ ಹೋರಾಟದ ಮೇಲೆ ಬಂದ ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ 2000ದ್ದು. ಅದರಲ್ಲಿ ಅಜಲು ಎಂದರೆ ಏನು ಎಂಬ ವಿವರಣೆ ಇದೆ. ಕೂಲಿ ಕೊಡದೆ ದುಡಿಸುವುದು; ಕೂದಲು, ಉಗುರು, ತಿನ್ನಬಾರದ್ದನ್ನೆಲ್ಲ ಅನ್ನದಲ್ಲಿ ಬೆರೆಸಿ ತಿನ್ನಿಸುವುದು; ಕಂಬಳಕ್ಕೆ ಮುಂಚೆ ಕೋಣಗಳ ಹಾಗೆ ಗದ್ದೆಯಲ್ಲಿ ಓಡಿಸುವುದು. ಇದು ಯಾವುದೋ ಪುರಾಣದಿಂದ ಎತ್ತಿದ್ದಲ್ಲ, 2000ದಲ್ಲಿ ಸರ್ಕಾರ ನಿಷೇಧಿಸಬೇಕಾಗಿ ಬಂದ ಪಟ್ಟಿ. ದಕ್ಷಿಣ ಆಫ್ರಿಕದಲ್ಲಿ ಬಿಳಿಯರ ಆಡಳಿತ ಮುಗಿದು ಆರು ವರ್ಷವಾಗಿತ್ತು.

ಮೂರನೆಯದು ಇನ್ನೂ ಸೂಕ್ಷ್ಮ. ವರ್ಣಭೇದ ದೂರ ಇಡುತ್ತಿತ್ತು. ಅದಕ್ಕೂ ಗಣಿಗೆ, ಮನೆಗೆಲಸಕ್ಕೆ ಕರಿಯರು ಬೇಕಿತ್ತು ನಿಜ. ಆದರೆ ತನ್ನ ಚರ್ಚಿನ ಹಬ್ಬಕ್ಕೆ ಬೇಕಿರಲಿಲ್ಲ. ಜಾತಿಗೆ ಹೊರಗಿನವನು ಹಬ್ಬದ ಹೊತ್ತಿಗೆ ಹತ್ತಿರವೇ ಬೇಕು. ಡೋಲಿಲ್ಲದೆ ಕಂಬಳವಿಲ್ಲ. ಕೊರಗ ತನಿಯ ಕೊರಗಜ್ಜನಾಗಿ ಎಲ್ಲ ಜಾತಿಯವರ ಹರಕೆ ಪಡೆಯುವ ದೈವ. ಅವನ ವಂಶದವರು ಮಾಡಿನ ಹೊರಗೆ. 2021ರ ಡಿಸೆಂಬರ್‌ನಲ್ಲಿ ಉಡುಪಿ ಜಿಲ್ಲೆಯ ಕೋಟತಟ್ಟುವಿನ ಕೊರಗ ಕಾಲನಿಯಲ್ಲಿ ಮದುವೆಯ ಮೆಹಂದಿ ನಡೆಯುತ್ತಿತ್ತು. ಹಾಡಿನ ಸದ್ದು ಜೋರಾಯಿತೆಂಬ ದೂರಿನ ಮೇಲೆ ಬಂದ ಪೊಲೀಸರು ಲಾಠಿ ಬೀಸಿದರು. ಸಬ್‌ಇನ್‌ಸ್ಪೆಕ್ಟರ್ ಸಸ್ಪೆಂಡ್ ಆದರು ಅನ್ನುವುದೂ ಸೇರಿಸಿ ಹೇಳಬೇಕು. ಆದರೂ ಪ್ರಶ್ನೆ ಉಳಿಯುತ್ತದೆ: ಊರಿನ ಜಾತ್ರೆಯಲ್ಲಿ ರಾತ್ರಿಯಿಡೀ ಬೇಕಾಗುವ ಕೊರಗರ ಸದ್ದು, ಕೊರಗರದೇ ಮದುವೆಯಲ್ಲಿ ಅಪರಾಧ ಆಗುವುದು ಹೇಗೆ?

ನಾಲ್ಕನೆಯದು ನನಗೆ ಸಂಬಂಧಪಟ್ಟದ್ದು. ಅಂಬೇಡ್ಕರರು ಹೇಳಿದ ಶ್ರೇಣೀಕೃತ ಅಸಮಾನತೆ. ಬೆಂಚಿನ ಮೇಲೆ ಜಾಗ ಸಿಕ್ಕ ನನಗೆ, ಹೊರಗೆ ನಿಂತವರನ್ನು ಕರೆದರೆ ನನ್ನ ಜಾಗವೂ ಹೋದೀತು ಎಂಬ ಅಳುಕು. ಕಪ್ಪು ಬಿಳುಪಿನ ಲೆಕ್ಕದಲ್ಲಿ ಈ ಅಳುಕಿಗೆ ಹೆಸರಿಲ್ಲ.

5

ಇಷ್ಟು ವ್ಯತ್ಯಾಸ ಇದೆ ಅಂದಮೇಲೆ, ಜಾತಿಯ ಪ್ರಶ್ನೆಯನ್ನು ವರ್ಣಭೇದದ ಹಾಗೆ ಜಗತ್ತಿನ ಮುಂದೆ ಇಡುವುದು ಸರಿಯೇ? ಈ ಪ್ರಶ್ನೆಗೆ ಒಂದು ದಿಕ್ಕಿನ ಉತ್ತರ ಕೊಟ್ಟವರು ಕರಾವಳಿಯ ಬಂಟ ಕುಟುಂಬದಿಂದ ಬಂದ ವಿ.ಟಿ. ರಾಜಶೇಖರ್. 1981ರಲ್ಲಿ ಬೆಂಗಳೂರಿನಿಂದ 'ದಲಿತ್ ವಾಯ್ಸ್' ಎಂಬ ಇಂಗ್ಲಿಷ್ ಪತ್ರಿಕೆ ಶುರುಮಾಡಿ, ಭಾರತದಲ್ಲಿ ಇರುವುದೂ ಅಪಾರ್ಥೈಡೇ ಎಂದು ಹೊರದೇಶಗಳಿಗೆ ಕೇಳುವ ಹಾಗೆ ಕೂಗಿದರು. 2024ರ ನವೆಂಬರ್‌ನಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಅವರ ಋಣ ನಮ್ಮ ಮೇಲಿದೆ. ಆದರೆ ಎರಡು ಕಡೆ ಅವರ ಜೊತೆ ಜಗಳ ಮಾಡಬೇಕು. ದಲಿತರನ್ನು ಕರಿಯರ ರಕ್ತಸಂಬಂಧಿಗಳೆಂದು ಸಾಧಿಸಹೊರಟು ಅವರು ವಾದವನ್ನು ಜನಾಂಗದ ಮೇಲೆ ನಿಲ್ಲಿಸಿದರು. ಮತ್ತೆ, ಅವರ ಪತ್ರಿಕೆ ಯಹೂದ್ಯರ ವಿರುದ್ಧದ ಪಿತೂರಿ ಕತೆಗಳಿಗೂ ಜಾಗ ಕೊಟ್ಟಿತು. ಹುಟ್ಟಿನ ಕಾರಣಕ್ಕೆ ಒಬ್ಬರನ್ನು ದ್ವೇಷಿಸುವುದನ್ನು ವಿರೋಧಿಸುವವರು ಇನ್ನೊಬ್ಬರನ್ನು ಹುಟ್ಟಿನ ಕಾರಣಕ್ಕೇ ದ್ವೇಷಿಸಿದರೆ ಕಟ್ಟಡ ತಳದಿಂದಲೇ ಕುಸಿಯುತ್ತದೆ.

ಜನಾಂಗದ ವಾದ ನಮಗೆ ಬೇಕಿಲ್ಲ. ಜಾತಿಯನ್ನು ಜನಾಂಗದಿಂದ ವಿವರಿಸಲು ಬಾರದು ಎಂದು ಅಂಬೇಡ್ಕರರು 1936ರ ತಮ್ಮ 'ಜಾತಿ ವಿನಾಶ'ದಲ್ಲೇ ಹೇಳಿದ್ದರು. ಹಾಗೆ ಹೇಳಿದವರೇ ಹತ್ತು ವರ್ಷದ ಮೇಲೆ ಡುಬಾಯ್ಸ್‌ಗೆ ಕಾಗದ ಬರೆದರು. ಅಂದರೆ ರಕ್ತ ಒಂದಾಗಿರಬೇಕಿಲ್ಲ, ಅವಮಾನದ ರೀತಿ ಒಂದಾಗಿದ್ದರೆ ಮಾತಾಡಬಹುದು ಎಂಬುದು ಅವರ ದಾರಿ.

ಆದರೆ 2001ರಲ್ಲಿ ಸರ್ಕಾರ ಹಿಡಿದದ್ದು ಬೇರೆ ದಾರಿ. ವರ್ಣಭೇದ ಸೋತ ಅದೇ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ, ಆಗಸ್ಟ್ ಕೊನೆ ಸೆಪ್ಟೆಂಬರ್ ಮೊದಲಲ್ಲಿ, ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ ನಡೆಯಿತು. ದಲಿತ ಮಾನವ ಹಕ್ಕುಗಳ ರಾಷ್ಟ್ರೀಯ ಆಂದೋಲನದ ಕಾರ್ಯಕರ್ತರು ದೊಡ್ಡ ಸಂಖ್ಯೆಯಲ್ಲಿ ಹೋಗಿ ಜಾತಿಯನ್ನೂ ಘೋಷಣೆಯಲ್ಲಿ ಸೇರಿಸಿ ಎಂದರು. ಭಾರತ ಸರ್ಕಾರ ವಿರೋಧಿಸಿತು: ಜಾತಿ ಜನಾಂಗವಲ್ಲ, ನಮ್ಮ ಸಂವಿಧಾನ ಅದನ್ನು ನೋಡಿಕೊಳ್ಳುತ್ತಿದೆ, ಇದು ನಮ್ಮೊಳಗಿನ ವಿಷಯ. ಅಂತಿಮ ಘೋಷಣೆಯಲ್ಲಿ ಜಾತಿ ಎಂಬ ಪದ ಬರಲಿಲ್ಲ. 1946ರಲ್ಲಿ ನಾವು ಸೋಲಿಸಿದ್ದ ಸ್ಮಟ್ಸ್‌ರ ವಾದ ಐವತ್ತೈದು ವರ್ಷದ ಮೇಲೆ ನಮ್ಮ ಬಾಯಿಂದಲೇ ಬಂತು.

ಇದರಲ್ಲಿ ಇನ್ನೊಂದು ತಮಾಷೆ ಇದೆ. 1965ರಲ್ಲಿ ವಿಶ್ವಸಂಸ್ಥೆ ಜನಾಂಗಭೇದ ನಿರ್ಮೂಲನೆಯ ಒಡಂಬಡಿಕೆ ಮಾಡುವಾಗ, ಬಣ್ಣ ಜನಾಂಗಗಳ ಜೊತೆಗೆ 'ವಂಶಮೂಲ' ಎಂಬರ್ಥದ ಪದ ಸೇರಿದ್ದು ಭಾರತ ಸೂಚಿಸಿದ ತಿದ್ದುಪಡಿಯಿಂದ. ಅದನ್ನು ಹಿಡಿದೇ ಒಡಂಬಡಿಕೆಯ ಸಮಿತಿ 1996ರಲ್ಲಿ ಭಾರತಕ್ಕೆ, ಪರಿಶಿಷ್ಟರ ಪ್ರಶ್ನೆಯೂ ಇದರೊಳಗೆ ಬರುತ್ತದೆ ಎಂದಿತು. 2002ರಲ್ಲಿ ವಂಶಮೂಲದಲ್ಲಿ ಜಾತಿಯೂ ಸೇರಿದೆ ಎಂದು ಎಲ್ಲ ದೇಶಗಳಿಗೂ ಸ್ಪಷ್ಟಪಡಿಸಿತು. ನಾವೇ ತೆರೆದ ಬಾಗಿಲಿಂದ ನಮ್ಮವರು ಒಳಬಂದಾಗ ನಾವೇ ಬಾಗಿಲು ಹಾಕಲು ಹೋದೆವು. 2006ರ ಡಿಸೆಂಬರ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್, ಅಸ್ಪೃಶ್ಯತೆಗೆ ಸಮಾನವಾದದ್ದು ವರ್ಣಭೇದ ಒಂದೇ ಎಂದು ದೆಹಲಿಯ ಸಭೆಯಲ್ಲಿ ಒಪ್ಪಿಕೊಂಡರು. ದೆಹಲಿಯಲ್ಲಿ ಹೇಳಬಹುದಾದ ಮಾತು ಡರ್ಬನ್ನಿನಲ್ಲಿ ಯಾಕೆ ಹೇಳಬಾರದಿತ್ತು?

ಈಚೆಗೆ ಜಾತಿಯೇ ಪಾಸ್‌ಪೋರ್ಟ್ ಮಾಡಿಸಿಕೊಂಡು ಹೊರಟಿದೆ. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿಭೇದವನ್ನು ಕಾನೂನಿನಿಂದ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯದ ಶಾಸನಸಭೆ ಒಪ್ಪಿದ ಅಂಥದೇ ಮಸೂದೆಗೆ ಅಲ್ಲಿನ ಗವರ್ನರ್ ಸಹಿ ಹಾಕಲಿಲ್ಲ. ಜಾತಿ ಅಮೆರಿಕದವರೆಗೂ ಹೋಗಿ ಬದುಕುತ್ತದೆ ಅಂದಮೇಲೆ ಅದು 'ಮನೆಯೊಳಗಿನ ವಿಷಯ' ಹೇಗಾದೀತು?

6

ಹಾಗಂತ ನ್ಯೂಯಾರ್ಕಿನತ್ತ ಮುಖಮಾಡಿ ಕೂತರೆ ಕೆಲಸ ಆಗದು. ಹೊರಗಿನ ಒತ್ತಡ ದಕ್ಷಿಣ ಆಫ್ರಿಕದಲ್ಲಿ ಕೆಲಸ ಮಾಡಿದ್ದು ಒಳಗೆ ಜನ ಎದ್ದಿದ್ದರಿಂದ. ಅಲ್ಲಿಂದ ನಾವು ಕಲಿಯಬೇಕಾದ್ದು ಮೇರಿ ಮ್ಯಾನಿಂಗಳ ಪಾಠ. ಅವಳು ದಕ್ಷಿಣ ಆಫ್ರಿಕವನ್ನು ನೋಡಿರಲಿಲ್ಲ. ತನ್ನ ಕೈಯಿಂದ ಆಗುವ ಒಂದು ಕೆಲಸವನ್ನು ಮಾಡುವುದಿಲ್ಲ ಎಂದಳು, ಅದರ ಬೆಲೆಯನ್ನೂ ತೆತ್ತಳು. ನಮ್ಮಲ್ಲಿ ಬೆಲೆ ತೆತ್ತವರೆಲ್ಲ ಕೆಳಗಿನವರೇ. ಡೋಲು ಬಡಿಯುವುದಿಲ್ಲ ಎನ್ನುವ ಕೊರಗ ಯುವಕ ಊರಿನ ಸಿಟ್ಟನ್ನು ಎದುರಿಸಬೇಕು. ಕಂಬಳದ ಕಮಿಟಿಯಲ್ಲಿ ಕೂತವರು, ಹೋಟೆಲಿನ ಗಲ್ಲಾದಲ್ಲಿ ಕೂತವರು, ಬೆಂಚಿನಲ್ಲಿ ಜಾಗ ಸಿಕ್ಕ ನನ್ನಂಥವರು ಏನನ್ನೂ ನಿರಾಕರಿಸಿಲ್ಲ. ಬಹಿಷ್ಕಾರ ಎಂಬ ಪದದ ಹಿಡಿಯನ್ನು ತಿರುಗಿಸುವುದು ಅಂದರೆ ಇದು: ಮನುಷ್ಯರನ್ನು ಹೊರಗಿಡುವ ಹಬ್ಬಕ್ಕೆ, ಊಟಕ್ಕೆ, ಸಮಾರಂಭಕ್ಕೆ ಒಳಗಿರುವವರೇ ಹೋಗದಿರುವುದು.

ಜೊತೆಗೆ ಭೂಮಿಯ ಪ್ರಶ್ನೆ. ಕೊರಗ ಕುಟುಂಬಕ್ಕೆ ತಲಾ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಮೊಹಮ್ಮದ್ ಪೀರ್ ವರದಿ 1990ರ ದಶಕದಲ್ಲೇ ಹೇಳಿದೆ. ಕಾಲಿಡಲು ಸ್ವಂತ ನೆಲ ಇಲ್ಲದವನಿಗೆ 'ಇಲ್ಲ' ಅನ್ನುವ ಬಲ ಎಲ್ಲಿಂದ ಬರಬೇಕು? ಆ ಅರ್ಜಿ ಹಿಡಿದುಕೊಂಡು ಹೋಗುವವರು ಮೊದಲು ಸ್ಟೇಟ್ ಬ್ಯಾಂಕ್ ಬಳಿಯ ಹಳೆಯ ಕಚೇರಿಗೆ ಹೋಗುತ್ತಿದ್ದರು. 2025ರಲ್ಲಿ ಜಿಲ್ಲಾಧಿಕಾರಿಯ ಹೊಸ ಕಚೇರಿ ಪಡೀಲಿನಲ್ಲಿ ತೆರೆಯಿತು. ಅದಕ್ಕೆ ಪ್ರಜಾಸೌಧ ಎಂದು ಹೆಸರಿಟ್ಟಿದ್ದಾರೆ. ಹೆಸರು ಒಳ್ಳೆಯದೇ. ಅದರ ಮೆಟ್ಟಿಲು ಹತ್ತುವ ಕೊರಗ ಅಜ್ಜನೊಬ್ಬನನ್ನು 'ಬನ್ನಿ, ಕೂತ್ಕೊಳ್ಳಿ' ಅಂತ ಕರೆಯುತ್ತಾರೋ, ಅವನ ಅರ್ಜಿಗೆ ನೆಲ ಸಿಗುತ್ತದೋ ನೋಡಬೇಕು. ಆ ದಿನ ನಾನು ಜೊತೆಗೆ ಹೋಗಬೇಕು. ಅಂದು ಕರೆಯದೆ ಕೂತ ಬಾಕಿ ನನ್ನ ಮೇಲಿದೆ.